ಆಲೆಮನೆಯಲ್ಲಿ ಇಳಿದ ವಿಮಾನ

ಮೊನ್ನೆ ಹಬ್ಬಕ್ಕೆಂದು ಹಿತ್ತಾಳೆ ದೀಪ ಬೆಳಗಲು ಹುಣಸೆಹಣ್ಣು ನೆನೆಹಾಕಿದ್ದೆ. ಕಿವುಚಿ ರಸ ತೆಗೆದು ಒಂದು ದೀಪಕ್ಕೆ ಸವರುವ ಹೊತ್ತಿಗೆ ಆ ಹುಳಿ ವಾಸನೆ ಮೂಗಿಗೆ ಬಡಿದು ಕೈ ನಿಂತುಬಿಟ್ಟಿತು. ದೀಪವನ್ನು ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ, ಅದರ ಮೇಲೆ ಎಲ್ಲಾದರೂ ಏನಾದರೂ ಬರೆದಿದೆಯೇ ಎಂದು ನೋಡಿದೆ. ನನ್ನ ಗಂಡ ಅಡುಗೆಮನೆ ಬಾಗಿಲಲ್ಲಿ ನಿಂತು, "ಓದಿ ಆಯ್ತಾ? ಆಗಿದ್ರೆ ತೊಳಿ," ಅಂದರು. ನಮ್ಮ ಮನೆಯಲ್ಲಿ ಈ ತಮಾಷೆ ಶುರುವಾಗಿ ಮೂರು ವರ್ಷವಾಯಿತು. ಅದಕ್ಕೆ ಕಾರಣ ಒಂದು ವಿಮಾನ.

ನಾನು ಮದ್ದೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಮಕ್ಕಳು ನನ್ನನ್ನು ಕಂಡರೆ ಹೆದರುತ್ತಾರೆ. ಅದೇನೂ ನನಗೆ ಬೇಸರದ ವಿಷಯವಲ್ಲ. ಆದರೆ ಆ ಮಕ್ಕಳಿಗೆ ಗೊತ್ತಿಲ್ಲದ ಒಂದು ಹುಚ್ಚು ನನಗಿತ್ತು. ಹಳೆ ಹೆದ್ದಾರಿಯ ಪಕ್ಕದಲ್ಲಿ ಜೋಕಾಲಿ ಪಾರ್ಕ್ ಅಂತ ಒಂದು ಮೋಜಿನ ಪಾರ್ಕು ಇತ್ತು. ಆಕಾಶಕ್ಕೆ ಏರುವ ಜೋಕಾಲಿ, ನೀರಿನ ಜಾರುಬಂಡೆ, ಒಂದು ಭೂತದ ಮನೆ. ಭೂತ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಹೊರಗೆ ಬಂದು, ಮುಖವಾಡ ಪಕ್ಕಕ್ಕಿಟ್ಟು, ಬುತ್ತಿ ಬಿಚ್ಚಿ ಮುದ್ದೆ ಉಣ್ಣುತ್ತಿತ್ತು. ಅಲ್ಲಿ ಬಳೆ ಎಸೆಯುವ ಆಟದಲ್ಲಿ ಗೆದ್ದವರಿಗೆ ಪಾರ್ಕಿನ ಚಿತ್ರವಿದ್ದ ಬಣ್ಣದ ಲೋಟ ಕೊಡುತ್ತಿದ್ದರು. ಆರು ಬಣ್ಣದ ಲೋಟಗಳಲ್ಲಿ ಐದು ನನ್ನ ಹತ್ತಿರ ಇವೆ. ಹಸಿರು ಸಿಗಲಿಲ್ಲ. ಅದಕ್ಕಾಗಿ ನಾನು ಎಸೆದ ಬಳೆಗಳನ್ನು ಕೂಡಿಸಿದರೆ ಒಂದು ಬಳೆ ಅಂಗಡಿ ಇಡಬಹುದಿತ್ತು.

ಪಾರ್ಕಿನ ಗೇಟಿನ ಎದುರಿಗೇ ಆ ವಿಮಾನ ನಿಂತಿತ್ತು. ಆಟಿಕೆಯಲ್ಲ, ನಿಜವಾದದ್ದು. ಎರಡು ಇಂಜಿನ್ನಿನ ಪುಟ್ಟ ವಿಮಾನ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಟಪಾಲು ಚೀಲ ಹೊತ್ತು ಹಾರುತ್ತಿತ್ತಂತೆ. ಮುದಿಯಾಗಿ ಯಾವುದೋ ಶೆಡ್ಡಿನಲ್ಲಿ ಬಿದ್ದಿದ್ದನ್ನು ಪಾರ್ಕಿನವರು ಬಿಡಿ ಬಿಡಿಯಾಗಿ ಲಾರಿಯಲ್ಲಿ ತರಿಸಿದ್ದರು. ಜೋಡಿಸಲು ಬರಬೇಕಾಗಿದ್ದ ತಜ್ಞರು ಬರಲಿಲ್ಲ, ಪಾರ್ಕು ತೆರೆಯುವ ದಿನ ಹತ್ತಿರ ಬಂತು. ಕೊನೆಗೆ ಮದ್ದೂರಿನ ಟ್ರ್ಯಾಕ್ಟರ್ ಗ್ಯಾರೇಜಿನಿಂದ ಸಮೀಉಲ್ಲಾ ಎಂಬ ಹತ್ತೊಂಬತ್ತು ವರ್ಷದ ಮೆಕ್ಯಾನಿಕ್ಕನನ್ನು ಕರೆದುಕೊಂಡು ಬಂದರು. ಅವನು ಅಲ್ಲಿಯವರೆಗೆ ವಿಮಾನವನ್ನು ತಲೆ ಎತ್ತಿ ನೋಡಿದ್ದನೇ ಹೊರತು ಎದುರಿಗೆ ನೋಡಿರಲಿಲ್ಲ. ಹನ್ನೆರಡು ದಿನದಲ್ಲಿ ನಿಲ್ಲಿಸಿದ. ಆಮೇಲೆ ಇಪ್ಪತ್ತೆರಡು ವರ್ಷ, ಅವನಿಗೆ ಸ್ವಂತ ಗ್ಯಾರೇಜಾಗಿ, ಹೆಂಡತಿ ಮಕ್ಕಳಾಗಿ, ಗಡ್ಡ ನರೆತರೂ ಪ್ರತಿ ಶುಕ್ರವಾರ ನಮಾಜು ಮುಗಿಸಿ ಪಾರ್ಕಿಗೆ ಹೋಗಿ ಅದರ ಬೋಲ್ಟುಗಳನ್ನು ಬಿಗಿ ಮಾಡಿ ಬರುತ್ತಿದ್ದ.

ಹೊಸ ಹೆದ್ದಾರಿ ಬಂದು ವಾಹನಗಳೆಲ್ಲ ಮದ್ದೂರಿನ ಹೊರಗಿನಿಂದಲೇ ಹೋಗತೊಡಗಿದ ಮೇಲೆ ಪಾರ್ಕಿಗೆ ಜನ ಕಡಿಮೆಯಾಗಿ ಬಾಗಿಲು ಹಾಕಿತು. ಅದರ ಅಭಿಮಾನಿಗಳು ನಲವತ್ತು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿಕೊಂಡಿದ್ದೆವು. ಪಾರ್ಕಿನ ಟೋಪಿ, ಕೀ ಬಂಚು, ನೀರಿನ ಬಾಟಲಿ, ಹಳೆ ಟಿಕೆಟ್ಟು, ಇವುಗಳ ವಿಚಾರ ಬಿಟ್ಟು ಅಲ್ಲಿ ಬೇರೆ ಮಾತಿರಲಿಲ್ಲ. ಗುಂಪಿನ ಹಿರಿಯ ಮರಿಲಿಂಗೇಗೌಡರು, ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ ಕಬ್ಬು ಬೆಳೆಯುವವರು. ಅವರ ಹತ್ತಿರ ಹದಿನೆಂಟು ಬಗೆಯ ಕೀ ಬಂಚುಗಳಿದ್ದವು, ಒಂದರ ಪ್ಲಾಸ್ಟಿಕ್ ಕವರನ್ನೂ ತೆಗೆದಿರಲಿಲ್ಲ. ಅವರ ಟ್ರ್ಯಾಕ್ಟರಿನ ಬೀಗದ ಕೈಯನ್ನು ಸಣಬಿನ ದಾರಕ್ಕೆ ಕಟ್ಟಿರುತ್ತಿದ್ದರು. ನನಗೆ ಸಿಗದ ಹಸಿರು ಲೋಟ ಇದ್ದದ್ದು ಅವರ ಮನೆಯಲ್ಲೇ. ಅವರ ಹೆಂಡತಿ ಪುಟ್ಟತಾಯಮ್ಮ ಅದರಲ್ಲಿ ಹಸುವಿಗೆ ಹಿಂಡಿ ಅಳೆದು ಹಾಕುತ್ತಿದ್ದರು. ನಾನು ಎಷ್ಟು ಅಂಗಲಾಚಿದರೂ, "ಅಳತೆ ತಪ್ಪಿದ್ರೆ ಅಸ ಆಲು ಕೊಡಕಿಲ್ಲ ಕಣಮ್ಮ," ಅಂದು ಬಾಯಿ ಮುಚ್ಚಿಸಿದ್ದರು.

ಆ ವರ್ಷದ ಸಂಕ್ರಾಂತಿ ಕಳೆದ ವಾರ, ನೀಲಿ ಟೋಪಿ ಪಾರ್ಕಿನ ಮೊದಲನೇ ವರ್ಷದ್ದೋ ಎರಡನೇ ವರ್ಷದ್ದೋ ಎಂದು ಗುಂಪಿನಲ್ಲಿ ಜಗಳ ಕಾವೇರಿತ್ತು. "ಎಲ್ಡನೇ ವರ್ಸ ಕಣ್ರಮ್ಮ, ನಮ್ ಐಕ್ಳು ಅದನ್ನ ಆಕ್ಕಂಡೇ ಇಸ್ಕೂಲ್ಗೆ ಓಗಿದ್ದು," ಅಂತ ಗೌಡರು ಧ್ವನಿ ಕಳಿಸಿದ್ದರು. ನಾನು ಟಿಕೆಟ್ಟಿನ ಆಧಾರ ಸಮೇತ ಅದನ್ನು ಖಂಡಿಸುತ್ತಿದ್ದೆ. ಅಷ್ಟರಲ್ಲಿ ಸಮೀಉಲ್ಲಾನ, ಅಂದರೆ ನಮ್ಮೆಲ್ಲರ ಸಮಿಯ, ಧ್ವನಿ ಬಂತು. ಅವನು ಗುಂಪಿನಲ್ಲಿ ಮಾತಾಡುವವನಲ್ಲ.

"ಪಾರ್ಕಿನ್ ಜಾಗ ಸೈಟ್ ಮಾಡ್ತಾರಂತೆ ಮೇಡಂ. ಶಿವರಾತ್ರಿ ಒಳಗೆ ವಿಮಾನ ಯಾರು ಎತ್ಕೊಂಡೋದ್ರೂ ಸುಮ್ನೆ ಕೊಡ್ತಾರಂತೆ. ಇಲ್ದಿದ್ರೆ ಗುಜರಿಗೆ. ಗುಜರಿಯೋನು ಗ್ಯಾರೇಜ್ಗೆ ಬಂದಿದ್ದ. ಎಲ್ಲಿ ಬೋಲ್ಟ್ ಅದೆ ಅಂತ ನಿಂಗೇ ಗೊತ್ತಿರೋದು, ನೀನೇ ಬಂದು ಕತ್ತರ್ಸು ಅಂದ." ಹಿಂದೆಯೇ ಇನ್ನೊಂದು ಧ್ವನಿ ಕಳಿಸಿದ. "ನಾನು ಜೀವಮಾನ ಎಲ್ಲಾ ಬೇರೇವ್ರು ಮಾಡಿದ್ ಗಾಡಿ ರಿಪೇರಿ ಮಾಡ್ದೋನು. ನಾನೇ ಅಂತ ನಿಲ್ಸಿದ್ದು ಅದೊಂದೇ. ನನ್ ಕೈಲಿ ಆಗಕಿಲ್ಲ."

ನೀಲಿ ಟೋಪಿಯ ಜಗಳ ಅಲ್ಲಿಗೇ ನಿಂತಿತು. ಗೌಡರು ಒಂದೇ ನಿಮಿಷದಲ್ಲಿ ತೀರ್ಮಾನ ಕೊಟ್ಟರು: "ಲೇ ಸಮಿ, ನಮ್ ಆಲೆಮನೆ ಕಾಲಿ ಬಿದ್ದದೆ ಕಣ್ಲಾ. ಕಬ್ಬೆಲ್ಲಾ ಪ್ಯಾಕ್ಟ್ರಿಗೇ ಓಯ್ತದೆ, ಬೆಲ್ಲ ಯಾರ್ ಕಾಯಿಸ್ತರೆ ಈಗ. ಬಿಚ್ಕಂಡ್ ಬಾ, ಅಲ್ಲೇ ನಿಲ್ಸನ."

ಸಮಿ ಗ್ಯಾರೇಜಿಗೆ ಬೀಗ ಹಾಕಿ ಬಿಚ್ಚಲು ನಿಂತ. ವಿಮಾನದ ಮೈಯ ಒಂದೊಂದು ತಗಡಿನ ಮೇಲೂ, ಅದು ಎಲ್ಲಿಯದು, ಯಾವುದರ ಪಕ್ಕದ್ದು ಎಂದು ನಂಬರು ಹಾಕಬೇಕಾಗಿತ್ತು. ಅವನು ಕೆಂಪು ಪೇಂಟಿನ ಡಬ್ಬಿ ತಂದಿದ್ದ. ನಾನು ಹೌಹಾರಿದೆ. ಸಂಗ್ರಹದ ವಸ್ತುವಿನ ಮೇಲೆ ಪೇಂಟು ಬಿದ್ದರೆ ಅದರ ಮರ್ಯಾದೆಯೇ ಹೋಯಿತು, ಮೂಲ ಸ್ಥಿತಿ ಕೆಡಬಾರದು, ಹಾಗೆ ಹೀಗೆ ಎಂದು ಅರ್ಧ ಗಂಟೆ ಪಾಠ ಮಾಡಿ, ಮಾರನೆಯ ದಿನ ಮೂರು ಪೆಟ್ಟಿಗೆ ಸೀಮೆಸುಣ್ಣ ತಂದುಕೊಟ್ಟೆ. ಸಮಿ ಸೀಮೆಸುಣ್ಣವನ್ನೂ ನನ್ನನ್ನೂ ಒಂದು ಸಲ ನೋಡಿ, "ಆಯ್ತು ಮೇಡಂ," ಅಂದ.

ಸಾಗಿಸಲು ಜನ ಬೇಕಿತ್ತು. "ಆಳು ನಾನ್ ಕರಿತೀನಿ ಬುಡಿ," ಅಂದರು ಪುಟ್ಟತಾಯಮ್ಮ. ಶಿವರಾತ್ರಿಗೆ ಎರಡು ದಿನ ಇರುವಾಗ ಎಂಟು ಟ್ರ್ಯಾಕ್ಟರು, ಮೂವತ್ತು ಜನ ಬೆಳಗಾಗುವಾಗಲೇ ಪಾರ್ಕಿನ ಮುಂದೆ ನಿಂತಿದ್ದರು. ಕಬ್ಬು ತುಂಬಿ ಅಭ್ಯಾಸವಿದ್ದ ಜನ. ಟ್ರೈಲರಿಗೆ ಹುಲ್ಲು ಹಾಸಿ, ಬಾಳೆದಿಂಡಿನ ಮೇಲೆ ಉರುಳಿಸಿ, ರೆಕ್ಕೆ ಬೇರೆ ಮೂತಿ ಬೇರೆ ಬಾಲ ಬೇರೆ ಹತ್ತಿಸಿ, ಹಗ್ಗ ಬಿಗಿದರು. ಒಂದು ತಗಡೂ ತರಚಲಿಲ್ಲ. ನನಗೆ ಮನಸ್ಸು ತುಂಬಿ ಬಂದು ಒಂದು ಟ್ರೈಲರಿನ ಮೇಲೆ ಹತ್ತಿ ನಿಂತು ಭಾಷಣವನ್ನೇ ಮಾಡಿದೆ. ಇದು ದೇಶದ ಚರಿತ್ರೆ, ಇದನ್ನು ಉಳಿಸಲು ನೀವೆಲ್ಲ ಕೇವಲ ಅಭಿಮಾನದಿಂದ ಬಂದಿದ್ದೀರಿ, ನಿಮ್ಮ ಉಪಕಾರ ಮರೆಯುವುದಿಲ್ಲ ಅಂದೆ.

"ಮರೀಬ್ಯಾಡಿ ಮೇಡಮ್ಮೋರೆ, ಅಷ್ಟು ಸಾಕು," ಅಂದರು ಒಬ್ಬ ಹಿರಿಯರು. ಎಂಥ ಸಂಸ್ಕಾರ ಅಂದುಕೊಂಡೆ.

ಮೆರವಣಿಗೆ ಮಳವಳ್ಳಿ ಹೊಕ್ಕಾಗ ಜನ ಸಿನಿಮಾ ಶೂಟಿಂಗು ಅಂದುಕೊಂಡು ಹಿಂದೆ ಬಿದ್ದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಅಜ್ಜಿ ಮೂತಿ ಹೊತ್ತ ಟ್ರ್ಯಾಕ್ಟರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿ, "ಇದು ಮುತ್ತತ್ತಿಗೆ ಓದದಾ?" ಅಂತ ಕೇಳಿತು.

"ಇಲ್ಲ ಕಣವ್ವ, ಪೂರಿಗಾಲಿಗೆ," ಅಂದರು ಗೌಡರು.

"ಅಂಗಾರೆ ಬ್ಯಾಡ ಬುಡು, ಬಸ್ಸಲ್ಲೇ ಓಯ್ತೀನಿ," ಎಂದು ಅಜ್ಜಿ ಹಿಂದಕ್ಕೆ ಸರಿಯಿತು.

ಸಂಜೆಯೊಳಗೆ ವಿಮಾನ ಆಲೆಮನೆ ಸೇರಿತು. ತಗಡುಗಳನ್ನು ಗೋಡೆಗೆ ಒರಗಿಸಿ ಜೋಡಿಸಿಟ್ಟೆವು. ಮತ್ತೆ ಎತ್ತಿ ನಿಲ್ಲಿಸಲು ಜನ ಸಿಕ್ಕರೆ ಬೇಸಿಗೆಯಲ್ಲೇ ಮುಗಿಸುತ್ತೇನೆ ಎಂದು ಸಮಿ ಲೆಕ್ಕ ಹಾಕಿದ್ದ. ಆದರೆ ಪುಟ್ಟತಾಯಮ್ಮ ಇನ್ನು ಯಾರನ್ನೂ ಕರೆಯಲಿಲ್ಲ. ಕೇಳಿದರೆ, "ಮಳೆ ಬರ್ಲಿ ಬುಡಿ," ಅನ್ನುವರು. ವಿಮಾನ ಜೋಡಿಸಲು ಮಳೆ ಯಾಕೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಮಳೆ ಬಂತು, ನಾಲೆಗೆ ನೀರು ಬಿಟ್ಟರು, ಒಂದು ಶನಿವಾರ ಪಾಠದ ಮಧ್ಯೆ ಫೋನು ಬಂತು. ಯಾರೋ ಹೆಂಗಸು. "ಮೇಡಮ್ಮೋರೆ, ನಾಳೀಕೆ ನಮ್ ಗದ್ದೆ ನಾಟಿ. ನೀವು, ನಿಮ್ ಗುಂಪ್ನೋರು ಒಟ್ಟು ಮೂರಾಳು ಬರ್ಬೇಕು. ನಮ್ಮನೆಯಿಂದ ಮೂರಾಳು ಬಂದಿದ್ರಲ್ಲ."

ಆಗ ನನಗೆ ಅರ್ಥವಾಯಿತು. ಆ ಮೂವತ್ತು ಜನ ಬಂದದ್ದು ಚರಿತ್ರೆಗಲ್ಲ, ಮುಯ್ಯಿಗೆ. ಇವತ್ತು ನಿಮ್ಮ ಕೆಲಸಕ್ಕೆ ನಾನು ಬಂದರೆ ನಾಳೆ ನನ್ನ ಕೆಲಸಕ್ಕೆ ನೀವು ಬರಬೇಕು. ಹುಟ್ಟಿದಾಗಿನಿಂದ ಈ ಸೀಮೆಯಲ್ಲೇ ಇದ್ದು, ನಮ್ಮ ಅಜ್ಜಿ ಮುಯ್ಯಾಳು ಅಂತ ಹೋಗುತ್ತಿದ್ದುದನ್ನು ನೋಡಿಯೂ ನಾನು ಮರೆತಿದ್ದೆ. ಹಳೆಯ ಮುಯ್ಯಿ ತೀರದೆ ಹೊಸದಾಗಿ ಆಳು ಕರೆಯುವಂತಿಲ್ಲ. ಎಂದರೆ, ನಾವು ಗದ್ದೆಗೆ ಇಳಿಯುವವರೆಗೆ ಸಮಿಯ ವಿಮಾನ ನೆಲದಿಂದ ಏಳುವಂತಿಲ್ಲ.

ಗುಂಪಿನಲ್ಲಿ ಈ ಸುದ್ದಿ ಹಾಕಿದೆ. ಸಂಜೆಯೊಳಗೆ ಮೂವತ್ತೊಂದು ಜನ ಗುಂಪು ಬಿಟ್ಟರು. ನೀಲಿ ಟೋಪಿಗಾಗಿ ಪ್ರಾಣ ಕೊಡುತ್ತೇನೆ ಅಂದವರೇ ಮೊದಲು ಹೋದರು.

ಉಳಿದ ಒಂಬತ್ತು ಜನ ಆಷಾಢ ಶ್ರಾವಣವಿಡೀ ಪ್ರತಿ ಭಾನುವಾರ ಪೂರಿಗಾಲಿಯ ಕೆಸರಿನಲ್ಲಿದ್ದೆವು. ಸಮಿ ಪಂಪ್‌ಸೆಟ್ಟು, ಟಿಲ್ಲರು ಅಂತ ರಿಪೇರಿ ಮಾಡಿಕೊಟ್ಟು ತನ್ನ ಪಾಲನ್ನು ಬೇಗ ತೀರಿಸಿದ. ನನಗೆ ಆ ಭಾಗ್ಯವಿರಲಿಲ್ಲ. ಪೈರು ಹಿಡಿದು ಬಗ್ಗಿದರೆ ಎದ್ದು ನಿಲ್ಲಲು ಬರದು, ನಿಂತರೆ ಮತ್ತೆ ಬಗ್ಗಲು ಬರದು. ನಾನು ನೆಟ್ಟ ಸಾಲು ಕೆರೆ ಏರಿಯ ಹಾಗೆ ಬಳುಕುತ್ತಿತ್ತು. ಪುಟ್ಟತಾಯಮ್ಮ ಹಿಂದೆಯೇ ಬಂದು ನಾನು ನೆಟ್ಟಿದ್ದನ್ನು ಕಿತ್ತು ಮತ್ತೆ ನೆಡುತ್ತಿದ್ದರು. "ಲೆಕ್ಕ ಏಳ್ಕೊಡೋರು ನೀವು, ಗೆರೆ ಇಂಗ್ ಸೊಟ್ಟ ಎಳಿತೀರಲ್ಲ. ಐಕ್ಳು ಪಾಸಾಯ್ತವಾ?" ಎಂದು ಕೇಳಿದರು. ಒಂದು ಮನೆಯವರಂತೂ ಪಂಚಾಯ್ತಿ ಸೇರಿಸಿ, ಈ ಮೇಡಮ್ಮೋರು ಅರ್ಧ ಆಳು, ಒಂದು ದಿನಕ್ಕೆ ಎರಡು ದಿನ ಬರಬೇಕು ಎಂದು ತೀರ್ಮಾನ ಮಾಡಿಸಿದರು. ಸಿಟ್ಟು ಬಂತು. ಆದರೆ ನನ್ನ ಸಾಲನ್ನು ತಿರುಗಿ ನೋಡಿ ಬಾಯಿ ಮುಚ್ಚಿಕೊಂಡು ಎರಡು ದಿನ ಹೋದೆ.

ನವರಾತ್ರಿಯ ಹೊತ್ತಿಗೆ ಕಡೆಯ ಮುಯ್ಯಿ ತೀರಿತು. ವಿಜಯದಶಮಿಯ ಮಾರನೆಯ ದಿನ ವಿಮಾನ ಎತ್ತುವುದು ಎಂದಾಯಿತು. ಅಷ್ಟರಲ್ಲಿ ಆಯುಧಪೂಜೆ ಬಂತು.

ಸಮಿ ಮದ್ದೂರಿನಲ್ಲಿ ತನ್ನ ಗ್ಯಾರೇಜಿನ ಪೂಜೆಯಲ್ಲಿದ್ದ. ಪ್ರತಿ ವರ್ಷ ಪಾನಾ ಸುತ್ತಿಗೆಯೆಲ್ಲ ಒರೆಸಿಟ್ಟು, ಪಕ್ಕದ ಅಂಗಡಿಯವರಿಂದ ಪೂಜೆ ಮಾಡಿಸಿ, ಬೀದಿಗೆಲ್ಲ ಪುರಿ ಹಂಚುವುದು ಅವನ ರೂಢಿ. ನಾನು ರಜೆಯೆಂದು ಪೂರಿಗಾಲಿಗೆ ಹೋದೆ. ಊರಿನಲ್ಲಿ ಟ್ರ್ಯಾಕ್ಟರು, ನೇಗಿಲು, ಮಚ್ಚು, ಎಲ್ಲ ತೊಳೆಯುತ್ತಿದ್ದರು. "ಈ ಇಮಾನ್ವೇನು ಪಾಪ ಮಾಡದೆ? ಕೊಳೆ ಇಟ್ಕಂಡ್ ಪೂಜೆ ಮಾಡದಾ?" ಅಂದರು ಪುಟ್ಟತಾಯಮ್ಮ. ನನಗೂ ಸರಿ ಎನ್ನಿಸಿತು. ಎರಡು ಬಕೆಟ್ಟು ಹುಣಸೆಹಣ್ಣಿನ ರಸ, ತೆಂಗಿನ ನಾರು, ಏಳೆಂಟು ಹೆಂಗಸರು. ಸೀರೆ ಎತ್ತಿ ಕಟ್ಟಿ ಉಜ್ಜಿದೆವು. ಹೊಗೆ ಹಿಡಿದಿದ್ದ ತಗಡು ಒಂದೊಂದೂ ಹೊಸ ಬೆಳ್ಳಿಯಾಗಿ ಹೊರಬಂತು. ಇಪ್ಪತ್ತು ವರ್ಷ ಬೋರ್ಡು ಒರೆಸಿದ ಕೈ ನನ್ನದು. ಸೀಮೆಸುಣ್ಣ ಕಂಡರೆ ಒರೆಸುವುದು ನನ್ನ ಕೈಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದಾದ ಮೇಲೊಂದು ನಂಬರನ್ನು, ಗುನುಗುತ್ತಾ, ನಾನೇ ಅಳಿಸಿದೆ. ಅರಿಶಿನ ಕುಂಕುಮ ಇಟ್ಟು, ಚೆಂಡುಹೂವು ಏರಿಸಿ, ಮೂತಿಯ ಮುಂದೆ ಬೂದುಗುಂಬಳ ಒಡೆದು ಗುಂಪಿಗೆ ಫೋಟೊ ಹಾಕಿದೆ. ಫಳಫಳ ಹೊಳೆಯುತ್ತಿತ್ತು.

ಒಂದೂವರೆ ಗಂಟೆಯಲ್ಲಿ ಸಮಿಯ ಸ್ಕೂಟರು ಬಂತು. ಅವನು ಗೋಡೆಯುದ್ದಕ್ಕೂ ನಡೆದು ತಗಡುಗಳನ್ನು ತಿರುಗಿಸಿ ನೋಡಿದ.

"ನಂಬರ್ ಎಲ್ಲಿ ಮೇಡಂ?"

ನನ್ನ ಕೈಯಲ್ಲಿ ಇನ್ನೂ ಹುಣಸೆಯ ವಾಸನೆ ಇತ್ತು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಪುಟ್ಟತಾಯಮ್ಮ ಮಾತ್ರ, "ಸುಣ್ಣದ್ ಕಡ್ಡೀಲಿ ಬರುದ್ರೆ ಕೊಳೆ ಅನ್ಕಳ್ದೆ ಇನ್ನೇನ್ ಅನ್ಕಳನ?" ಅಂದರು. ಸಮಿ ನಗಲಿಲ್ಲ, ಬೈಯಲಿಲ್ಲ. "ಆಯ್ತು ಬುಡಿ," ಎಂದು ಸ್ಕೂಟರು ತಿರುಗಿಸಿಕೊಂಡು ಹೋದ. ಬೈದಿದ್ದರೆ ಒಳ್ಳೆಯದಿತ್ತು. ಮೂರು ವಾರ ನನ್ನ ಫೋನು ಎತ್ತಲಿಲ್ಲ. ಗೌಡರು ಹೋಗಿ ಕರೆದರೆ, "ಸುಮಾರು ನೂರೈವತ್ತು ತಗಡು ಗೌಡ್ರೇ. ಎಲ್ಲಾ ಒಂದೇ ತರ. ಅವತ್ತು ನಂಗೆ ಹತ್ತೊಂಬತ್ತು ವರ್ಸ, ಧೈರ್ಯ ಇತ್ತು," ಅಂದನಂತೆ.

ಎರಡು ಭಾನುವಾರ ನಾನು ಮನೆಯಲ್ಲಿ ಅತ್ತದ್ದೇ ಕೆಲಸ. ಮೂರನೆಯ ವಾರ ಬುದ್ಧಿ ಬಂತು. ಆ ಪಾರ್ಕಿಗೆ ಹೋದವರಲ್ಲಿ ವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ಯಾರಿದ್ದಾರೆ? ನಾಟಿಗೆ ಹೋಗಿ ಹೋಗಿ ಪೂರಿಗಾಲಿಯ ಪ್ರತಿ ಮನೆಯ ಅಡುಗೆಮನೆಯವರೆಗೂ ನನಗೆ ಸಲುಗೆಯಾಗಿತ್ತು. ಮನೆಮನೆಗೆ ಹೋಗಿ ಆಲ್ಬಮ್ ಬಿಚ್ಚಿಸಿದೆ. ಅಲ್ಲಿಂದ ಮಳವಳ್ಳಿಯ ನೆಂಟರು, ಮದ್ದೂರಿನ ಬೀಗರು, ಮಂಡ್ಯದ ಸ್ಟುಡಿಯೋ. ಮದುವೆಯ ಜೋಡಿಗಳು, ಶಾಲಾ ಪ್ರವಾಸಗಳು, ಎಲ್ಲೆಲ್ಲೂ ಆ ವಿಮಾನ. ಆದರೆ ಎಲ್ಲರೂ ಅದಕ್ಕೆ ಅಡ್ಡ ನಿಂತಿದ್ದರು! "ನಿಮ್ಮ ಭಾವಮೈದ ಒಂದು ಹೆಜ್ಜೆ ಪಕ್ಕಕ್ಕೆ ನಿಂತಿದ್ದರೆ ಬಾಗಿಲ ಪಟ್ಟಿ ಕಾಣುತ್ತಿತ್ತಲ್ಲಮ್ಮ," ಎಂದು ಒಬ್ಬರ ಮನೆಯಲ್ಲಿ ರೇಗಿದೆ. ಅವರು ಕಾಫಿ ಕೊಡದೆ ಕಳಿಸಿದರು.

ಒಂದು ಚೀಲ ತುಂಬ ಫೋಟೊ ತೆಗೆದುಕೊಂಡು ಹೋಗಿ ಸಮಿಯ ಗ್ಯಾರೇಜಿನ ಬೆಂಚಿನ ಮೇಲೆ ಸುರಿದೆ. ತಪ್ಪಾಯಿತು ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ, ಆದರೆ ಬಾಯಿಗೆ ಬಂದದ್ದು, ಇಷ್ಟು ಸಿಕ್ಕವು ಎಂಬ ಮಾತು. ಸಮಿ ಕೈ ಒರೆಸಿಕೊಂಡು ಒಂದೊಂದೇ ಎತ್ತಿ ನೋಡಿದ. ಒಂದು ಮದುವೆ ಜೋಡಿಯ ಫೋಟೊದ ಹತ್ತಿರ ನಿಂತ.

"ಈ ಮದ್ಲಿಂಗನ ಪೇಟ ಇಲ್ದಿದ್ರೆ ಏಳನೇ ತಗಡು ಪೂರ್ತಿ ಸಿಗ್ತಿತ್ತು," ಅಂದ. ಆಮೇಲೆ, "ಭಾನ್ವಾರ ಆಳು ಕರ್ಸಿ," ಅಂದ.

ಎಡಗಡೆಯ ಮೈ ಫೋಟೊಗಳ ಬಲದಿಂದ ಹದಿನೈದು ದಿನದಲ್ಲಿ ಎದ್ದಿತು. ಬಲಗಡೆಗೆ ಒಂದು ಫೋಟೊವೂ ಇರಲಿಲ್ಲ. ಪಾರ್ಕಿನಲ್ಲಿ ಆ ಕಡೆಗೆ ಶೌಚಾಲಯ ಇತ್ತು, ಅಲ್ಲಿ ನಿಂತು ಯಾರು ಹಲ್ಲು ಕಿರಿಯುತ್ತಾರೆ? ಸಮಿ ಪ್ರತಿ ತಗಡನ್ನೂ ಎತ್ತಿ ಹಿಡಿಸಿ, ತೂತಿಗೆ ತೂತು ಕೂಡುತ್ತದೆಯೇ ಎಂದು ಕಣ್ಣಿಟ್ಟು ನೋಡಿ, ಕೂಡದಿದ್ದರೆ ಇಳಿಸಿ, ಇನ್ನೊಂದನ್ನು ಎತ್ತಿಸುತ್ತಿದ್ದ. ತೋಳು ಬಿದ್ದುಹೋದ ಜನ, "ಇದೊಂದ್ಸಲ ಕೂಡ್ತು ಅಂತ ಏಳ್ಬುಡ್ಲಾ," ಎಂದು ಬೇಡಿಕೊಳ್ಳುತ್ತಿದ್ದರು. ಬಾಲದ ಹತ್ತಿರ ಬಂದಾಗ ಎರಡು ತಗಡುಗಳನ್ನು ಕೈಯಲ್ಲಿ ಹಿಡಿದು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ನೋಡಿದ. ಎರಡನ್ನೂ ಬೋಲ್ಟು ಹಾಕಿ ಬಿಗಿದು ಆ ದಿನ ಬೇಗನೆ ಮನೆಗೆ ಹೋದ.

ಸಂಕ್ರಾಂತಿಗೆ ವಿಮಾನ ನಿಂತಿತು. ಆಲೆಮನೆಯ ಒಂದು ಕಡೆಯ ಗೋಡೆ ತೆಗೆಸಿ ರೆಕ್ಕೆಗೆ ಜಾಗ ಮಾಡಿದ್ದರು ಗೌಡರು. ವಿಮಾನ ರಿಪೇರಿಯಲ್ಲೇ ಜೀವನ ಸವೆಸಿ ನಿವೃತ್ತರಾದ ಒಬ್ಬ ಹಿರಿಯರು ಬೆಂಗಳೂರಿನಲ್ಲಿದ್ದಾರೆ ಎಂದು ತಿಳಿದು ನಾನೇ ಕರೆಸಿದ್ದೆ. ಅವರು ಟಾರ್ಚು ಹಿಡಿದು, ಕೈಯಲ್ಲೊಂದು ಪುಸ್ತಕ ಇಟ್ಟುಕೊಂಡು, ಮೂತಿಯಿಂದ ಬಾಲದವರೆಗೆ ನಡೆದರು. ಹಿಂದೆ ಇಡೀ ಊರು. ಸಮಿ ಮಾತ್ರ ಕಂಬಕ್ಕೆ ಒರಗಿ ದೂರ ನಿಂತಿದ್ದ.

ಬಲಗಡೆಯ ಬಾಲದ ಹತ್ತಿರ ಅವರು ನಿಂತರು. "ಇದನ್ನ ಆ ಪಾರ್ಕಿನಲ್ಲಿ ನಾನು ನೋಡಿದ್ದೆ. ಮೊಮ್ಮಕ್ಕಳ ಜೊತೆ ಬಂದಿದ್ದೆ. ಆಗ ಈ ಎರಡು ತಗಡು ಅದಲುಬದಲಾಗಿ ಕೂತಿದ್ದವು. ಹೇಳೋಣ ಅಂದ್ಕೊಂಡು, ಆಟದ ಜಾಗದ ಬೊಂಬೆ ತಾನೇ ಅಂತ ಸುಮ್ಮನಾದೆ. ಈಗ ಸರಿಯಾಗಿದೆ. ಯಾರು ಸರಿ ಮಾಡಿದ್ದು?" ಅವರು ಟಾರ್ಚನ್ನು ಇನ್ನೂ ಹತ್ತಿರ ಹಿಡಿದರು. "ಇಲ್ಲಿ ಆರು ತೂತು ಜಾಸ್ತಿ ಇವೆ. ಕಾರ್ಖಾನೆಯವು ಅಲ್ಲ. ಮುಚ್ಚಿಸಿಬಿಡಿ, ಗೊತ್ತಾಗಲ್ಲ."

ಗೌಡರು, "ಈಗ್ಲೇ ಮುಚ್ಚುಸ್ತೀನಿ ಸ್ವಾಮಿ," ಅಂದರು.

"ಬ್ಯಾಡ ಗೌಡ್ರೇ." ಸಮಿ ಕಂಬ ಬಿಟ್ಟು ಬಂದ. ಅವನ ಕಿವಿ ಕೆಂಪಾಗಿತ್ತು. "ಆ ತೂತು ನಾನ್ ಒಡ್ದಿದ್ದು ಸಾರ್. ಅವತ್ತು ತಗಡು ಕೂಡ್ಲಿಲ್ಲ, ನಾಳೀಕೆ ಓಪನಿಂಗ್ ಅಂದ್ರು. ಹೊಸ ತೂತು ಒಡ್ದು ಕೂರಿಸ್ಬಿಟ್ಟೆ. ಇಪ್ಪತ್ತೆರಡು ವರ್ಸ ಹೋಗಿ ಬಿಗಿ ಮಾಡ್ತಿದ್ದಿದ್ದೂ ಆ ತಪ್ಪನ್ನೇ. ನಂಬರ್ ಇದ್ದಿದ್ರೆ ಈ ಸಲಾನೂ ಅದನ್ನೇ ನಿಲ್ಲಿಸ್ತಿದ್ದೆ. ಮುಚ್ಚಬ್ಯಾಡಿ. ಮಾಡಿದ್ದು ಮಾಡಿದ್ದೇ, ಇರ್ಲಿ."

ಇಡೀ ಊರಿನ ಎದುರು ಅವನು ತನ್ನ ಜೀವಮಾನದ ಒಂದೇ ಒಂದು ಹೆಮ್ಮೆಯನ್ನು ಕೆಳಗಿಟ್ಟು ನಿಂತಿದ್ದ. ನನಗೆ ಅಳು ಬಂದು ಗೌಡರ ಬೆನ್ನ ಹಿಂದೆ ಸರಿದೆ.

ಆ ಹಿರಿಯರು ಪುಸ್ತಕ ತೆರೆದು ಪೆನ್ನಿನ ಮುಚ್ಚಳ ತೆಗೆದರು. "ನಿಮ್ಮ ಹೆಸರು ಹೇಳಿ. ವಿಮಾನದ ಮೈಮೇಲೆ ಯಾರು ಏನು ಕೆಲಸ ಮಾಡಿದರೂ ಬರೆದಿಡಬೇಕು. ಅದು ನಮ್ಮ ಕಸುಬಿನ ನಿಯಮ."

"ತಪ್ಪು ಮಾಡಿದ್ರೂ ಬರೀತಾರಾ ಸಾರ್?"

"ತಪ್ಪನ್ನೇ ಮೊದಲು ಬರೆಯೋದು."

ಸಮಿ ಬಗ್ಗಿ ಆ ಖಾಲಿ ಪುಟವನ್ನು ನೋಡಿದ. "ಸಮೀಉಲ್ಲಾ, ಮದ್ದೂರು," ಅಂದ. ಆಮೇಲೆ ನನ್ನ ಕಡೆ ತಿರುಗಿ, ಮೂರು ತಿಂಗಳಲ್ಲಿ ಮೊದಲನೇ ಸಲ ಎಲ್ಲ ಹಲ್ಲು ಬಿಟ್ಟು ನಕ್ಕು, "ನಂಬರ್ ಅಳಿಸ್ದೋರು ಸುನಂದಾ ಮೇಡಂ. ಅದ್ನೂ ಬರ್ಕೊಳಿ," ಅಂದ.

ಅವರು ಅದನ್ನೂ ಬರೆದುಕೊಂಡರು.